ಮಾವನವರ ಮೋಟಾರಿನ ಬಿಲ್ಲೆ

ಹಬ್ಬದ ಮುನ್ನಾದಿನ ದೇವರ ಸಾಮಾನುಗಳನ್ನೆಲ್ಲ ಹಿತ್ತಲಿಗೆ ತಂದು ಹುಣಸೆಹುಳಿ ಹಚ್ಚಿ ತಿಕ್ಕುವ ಕೆಲಸ ಇದೆಯಲ್ಲ, ಅದು ನನಗೆ ಬಹಳ ಇಷ್ಟ. ಕೈಗೆ ದುಡಿಮೆ, ಮನಸ್ಸಿಗೆ ರಜೆ. ನಮ್ಮ ಸೊಲ್ಲಾಪುರದ ಮನೆಗಳಲ್ಲಿ ಕುಲದೇವರು ಬೆಳ್ಳಿಯ ಪುಟ್ಟ ತಗಡಿನ ಮೇಲೆ ಉಬ್ಬಿ ನಿಂತಿರುತ್ತಾನೆ. ಅದಕ್ಕೆ ಟಾಕು ಎನ್ನುತ್ತೇವೆ. ನಮ್ಮ ಮನೆಯ ಟಾಕಿನಲ್ಲಿ ದೇವರಿಗೆ ಮೂಗಿಲ್ಲ. ಮೊದಲು ಇತ್ತಂತೆ. ನನ್ನ ಅತ್ತೆ, ಅವರ ಅತ್ತೆ, ಅವರಿಗೂ ಹಿಂದಿನವರು ತಿಕ್ಕಿ ತೊಳೆದು ಗಂಧ ಹಚ್ಚಿ ಕಣ್ಣಿಗೊತ್ತಿಕೊಂಡು ಅದನ್ನು ಸವೆಸಿಬಿಟ್ಟಿದ್ದಾರೆ. ಕಿವಿಯ ಹಿಂದಿನ ಸಂದಿಯಲ್ಲಿ ಮಾತ್ರ ಯಾವ ಕಾಲದ ಕುಂಕುಮವೋ ಕಪ್ಪುಗಟ್ಟಿ ಕುಳಿತಿದೆ, ಹುಣಸೆಗೂ ಜಗ್ಗುವುದಿಲ್ಲ. ಪೂಜೆಗೊಂಡ ವಸ್ತು ಉಬ್ಬಿದಲ್ಲಿ ಸವೆಯುತ್ತದೆ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ ಎಂಬುದನ್ನು ಹೊಸ ಸೊಸೆಯಾಗಿದ್ದಾಗಲೇ ನನ್ನ ಬೆರಳು ಕಲಿತಿತ್ತು. ಈ ವಿದ್ಯೆ ಮುಂದೊಂದು ದಿನ ಹಳೆಯ ಮೋಟಾರು ಕೊಳ್ಳುವಾಗ ಉಪಯೋಗಕ್ಕೆ ಬಂದೀತೆಂದು ಯಾರು ಎಣಿಸಿದ್ದರು!

ಮೋಟಾರಿನ ಹುಚ್ಚು ನಮ್ಮ ಮನೆಯವರದು. ನನ್ನ ಮಾವನವರು ಚಾದರಗಳ ವ್ಯಾಪಾರಿ. ಅವರಲ್ಲಿ ವಿಲಾಯತಿಯಿಂದ ಬಂದ ಕಪ್ಪು ಮೋಟಾರೊಂದು ಇತ್ತು. ಇವರು ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಅದನ್ನು ಮಾರಿದರು. ಇವರು ಮಾತ್ರ ಮನಸ್ಸಿನಲ್ಲಿ ಅದನ್ನು ಮಾರಲೇ ಇಲ್ಲ. ಆ ಕಾಲದ ಗಾಡಿಗಳಿಗೆ ದಿನವೂ ನೀರು, ಎಣ್ಣೆ ನೋಡಬೇಕು. ಹಾಗೆ ಬೆಳಿಗ್ಗೆ ಬಾನೆಟ್ ತೆರೆದಾಗಲೆಲ್ಲ ಮಾವನವರು ಒಳಗಿದ್ದ ಹಿತ್ತಾಳೆಯ ಬಿಲ್ಲೆಗೆ ವಿಭೂತಿ ಹಚ್ಚಿ, ಮುಟ್ಟಿ ನಮಸ್ಕರಿಸಿ, ಮಗನ ಕೈಯಿಂದಲೂ ಮುಟ್ಟಿಸುತ್ತಿದ್ದರಂತೆ. ಬಿಲ್ಲೆಯ ಮೇಲೆ ಗಾಡಿಯ ಸಂಖ್ಯೆ ಉಬ್ಬಕ್ಷರದಲ್ಲಿತ್ತು. ಗಾಡಿಗೆ ಅದೇ ಹೆಸರು, ಅದೇ ಗೋತ್ರ. ಇವರಿಗೆ ಮಗ್ಗಿಗಿಂತ ಮೊದಲು ಬಾಯಿಗೆ ಬಂದದ್ದು ಆ ಸಂಖ್ಯೆ. ಚಹದ ಅಂಗಡಿಯಲ್ಲಿ ಯಾರಾದರೂ ಮೋಟಾರಿನ ಸುದ್ದಿ ತೆಗೆದರೆ ಸಾಕು, ದೇವರ ನಾಮದಂತೆ ಅದನ್ನು ಹೇಳಿ ಮುಗಿಸಿಯೇ ಬಟ್ಟಲು ಮುಟ್ಟುತ್ತಿದ್ದರು.

ಎಪ್ಪತ್ತನಾಲ್ಕರ ಸುಮಾರಿಗೆ ಪೆಟ್ರೋಲು ತುಟ್ಟಿಯಾಗಿ, ದೊಡ್ಡ ಮನೆಗಳವರು ಹಳೆಯ ಮೋಟಾರುಗಳನ್ನು ಒಂದೊಂದಾಗಿ ಹೊರಗೆ ತಳ್ಳತೊಡಗಿದರು. ಆಗ ಅಕ್ಕಲಕೋಟೆಯ ದಲಾಲ ಗುರುಪಾದಪ್ಪನವರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು. "ಸಾವಕಾರ್ರ, ನಿಮ್ಮ ಅಪ್ಪಾರ ಗಾಡಿ ಸಿಕ್ಕೈತ್ರಿ" ಎಂದರು. ಅಷ್ಟೇ. ಮರುದಿನವೇ ನಾವಿಬ್ಬರೂ ಅಕ್ಕಲಕೋಟೆಗೆ ಹೋಗುವ ಎಸ್‌ಟಿ ಬಸ್ಸಿನಲ್ಲಿದ್ದೆವು. ಕಿಟಕಿಯ ಪಕ್ಕ ಕುಳಿತ ಇವರು, ಮೀಸೆ ನರೆತ ಮನುಷ್ಯ, ದಾರಿಯುದ್ದಕ್ಕೂ ಎಡಮೊಣಕೈ ಹೊರಚಾಚಿ, ಬಾಯಲ್ಲಿ ಏನೋ ಗೊಣಗುತ್ತ, ಗೇರು ಹಾಕುವ ಹಾಗೆ ಕೈ ಆಡಿಸುತ್ತಿದ್ದರು.

ಗಾಡಿ ಒಂದು ಬೇವಿನ ಮರದ ಕೆಳಗೆ ನಿಂತಿತ್ತು. ಕಪ್ಪು ಬಣ್ಣ, ದುಂಡು ದೀಪಗಳು, ಸ್ವಲ್ಪ ಮುನಿಸಿಕೊಂಡಂಥ ಮೋರೆ. ಗುರುಪಾದಪ್ಪನವರು ಜಾದೂಗಾರನಂತೆ ಬಾನೆಟ್ ಎತ್ತಿದರು. "ಓದ್ರಿ ನೀವ ಬಾಯ್ಲೆ."

ಇವರು ಬಿಲ್ಲೆಯ ಸಂಖ್ಯೆ ಓದಿದರು. ಓದುತ್ತ ಓದುತ್ತ ದನಿ ಒಡೆಯಿತು. ಅದೇ ಸಂಖ್ಯೆ. ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿ, "ಮುಟ್ಟು ನೀನೂ. ನಮ್ಮಪ್ಪನ ಕೈ ಆಡಿದ್ದು" ಎಂದರು.

ನಾನು ಮುಟ್ಟಿದೆ. ಮುಟ್ಟಬಾರದಿತ್ತೇನೋ. ಅಂಕಿಗಳ ಅಂಚು ನನ್ನ ಬೆರಳಿಗೆ ಚುಚ್ಚಿತು. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಎರಡು ಕೈ ಸವರಿದ ಅಂಕಿಗಳಿಗೆ ಇಷ್ಟು ಹರೆಯ ಎಲ್ಲಿಂದ ಬಂತು? ಸೆರಗಿನ ಚುಂಗಿನಿಂದ ಒರೆಸಿ ನೋಡಿದೆ. ತಗ್ಗಿನಲ್ಲಿ ವಿಭೂತಿಯ ಕಣವಿಲ್ಲ. ಬದಲಿಗೆ ಯಾರೋ ಉಸುಕಿನ ಕಾಗದದಿಂದ ಒಂದೇ ದಿಕ್ಕಿಗೆ ಎಳೆದ ಗೀರುಗಳು. ಪಾಪ, ಮಾಡಿದವನು ಹಳೆಯದಾಗಿ ಕಾಣಲೆಂದು ಕಷ್ಟಪಟ್ಟಿದ್ದ. ಆದರೆ ಸವೆಯಬೇಕಾದಲ್ಲಿ ಬಿಟ್ಟು, ಸವೆಯಬಾರದ ಕಡೆ ಸವೆಸಿದ್ದ. ಬಿಲ್ಲೆಯನ್ನು ಬಡಿದು ಕೂಡಿಸಿದ ಮೊಳೆಗಳ ತಲೆಗೂ ಎಣ್ಣೆಮಸಿ ಇನ್ನೂ ಅಂಟಿರಲಿಲ್ಲ.

ಹೇಳಲೋ ಬೇಡವೋ? ಇವರ ಮುಖ ನೋಡಿದೆ. ಅಷ್ಟು ಹೊಳಪು ಆ ಮುಖದಲ್ಲಿ ನಮ್ಮ ಮಗಳು ಹುಟ್ಟಿದ ದಿನ ಕಂಡಿದ್ದೆ. ಸುಮ್ಮನಿದ್ದರೆ ಇವರು ಇನ್ನೊಬ್ಬರ ಗಾಡಿಯ ಮುಂದೆ ಜೀವನವಿಡೀ ಅಪ್ಪನೆಂದು ಕೈಮುಗಿಯುತ್ತಾರೆ. ಹೇಳಿದರೆ ಬೇವಿನ ಮರದ ಕೆಳಗೆ ಇವರ ಅಪ್ಪ ಎರಡನೆಯ ಸಲ ಹೋಗಿಬಿಡುತ್ತಾರೆ.

"ನೋಡ್ರಿ," ಎಂದೆ ಮೆಲ್ಲಗೆ, "ನಮ್ಮ ದೇವರಿಗಿ ಮೂಗಿಲ್ಲ. ಈ ಬಿಲ್ಲೆಗಿ ಮೂಗು ಭಾಳ ಚೂಪ ಐತಿ."

 ಇವರು ತಮ್ಮ ಹೆಬ್ಬೆರಳನ್ನು ಅಂಕಿಗಳ ಮೇಲೆ ಒಂದು ಸಲ ಆಡಿಸಿದರು. ಬಾಲ್ಯದ ಬೆರಳಿಗೆ ನೆನಪಿತ್ತು. ಅದು ಸುಳ್ಳು ಹೇಳಲಿಲ್ಲ.

ಗುರುಪಾದಪ್ಪನವರಿಗೆ ತಡೆಯಲಾಗಲಿಲ್ಲ. "ಅಕ್ಕಾರ, ಮೋಟಾರದಾಗ ದೇವರ ಮೂಗ ಎಲ್ಲಿಂದ ತಂದ್ರಿ?"

"ಅದಿರ್ಲಿ, ಈ ನಂಬರ ನೀವೆಲ್ಲಿಂದ ತಂದ್ರಿ?" ಎಂದೆ.

ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಎಲ್ಲಿಂದ ತರೂದ್ರಿ? ಇಡೀ ಸೊಲ್ಲಾಪುರಕ್ಕ ಸಾವಕಾರ್ರ ಹಾಡಿ ಹೇಳ್ಯಾರ. ನಾ ಚಹಾ ಕುಡಿಯೂದ್ರಾಗ ಬಾಯಿಪಾಠ ಆತು."

ಇವರು ಕಿಸೆಯಿಂದ ವಿಭೂತಿಯ ಗಟ್ಟಿ ತೆಗೆದರು. ಬೆಳಗಿನ ಪೂಜೆ ಊರಾಚೆ ಬಿದ್ದರೆ ಇರಲೆಂದು ಸದಾ ಜೊತೆಗಿರುತ್ತಿತ್ತು. ಬಗ್ಗಿ, ಗಾಡಿಯ ತಳದ ಚೌಕಟ್ಟಾದ ಚಾಸಿಯ ಕಬ್ಬಿಣದ ಮೇಲಿನ ಜಿಡ್ಡನ್ನು ಕರವಸ್ತ್ರದಿಂದ ಒರೆಸಿ ಅಲ್ಲಿ ವಿಭೂತಿ ತಿಕ್ಕಿದರು. ಕಾರ್ಖಾನೆಯಲ್ಲೇ ಕಬ್ಬಿಣದಲ್ಲಿ ಕೊರೆದ ಅಂಕಿಗಳು ಬೆಳ್ಳಗೆ ಒಂದೊಂದಾಗಿ ಎದ್ದುಬಂದವು. ಬೇರೆಯೇ ಸಂಖ್ಯೆ. ಆಗ ಗುರುಪಾದಪ್ಪನವರು ಅಸಲಿ ಕಾಗದ ಹೊರತೆಗೆದರು. ಸಂಖ್ಯೆ ಅದಕ್ಕೆ ಸರಿಹೊಂದಿತು. ಇಂಡಿ ಎಂಬ ಊರಿನ ಕಡೆಯ ಯಾರೋ ವೈದ್ಯರ ಗಾಡಿ. ಕಳವಿನ ಮಾಲಲ್ಲ, ವೇಷ ಹಾಕಿದ ಸಭ್ಯ ಗಾಡಿ ಅಷ್ಟೇ.

ಇವರು ಬಹಳ ಹೊತ್ತು ಮರದ ಕಟ್ಟೆಯ ಮೇಲೆ ಕುಳಿತರು. ನಾನು ಪಕ್ಕದಲ್ಲಿ ಕುಳಿತೆ. ಆಮೇಲೆ ಇವರು ಎದ್ದು ಹೋಗಿ ಗಾಡಿಯೊಳಗೆ ಕುಳಿತು ಹಾರ್ನ್ ಒತ್ತಿದರು. ಅದು ಮುದಿ ಆಡಿನಂತೆ ಅರಚಿತು. ಇವರಿಗೆ ನಗು ಬಂತು, ನಿಲ್ಲಲಾರದಷ್ಟು ನಗು.

"ಗುರುಪಾದಪ್ಪ, ಆ ಬಿಲ್ಲೆ ಕಿತ್ತು ತೆಗಿ. ಇದರ ಹೆಸರು ಇದಕ್ಕ ಇರ್ಲಿ. ಗಾಡಿ ನಾ ಒಯ್ತೀನಿ."

"ಅಪ್ಪಾರದಲ್ಲ ಅಂದ್ರೂ ಒಯ್ತೀರೇನ್ರಿ?"

"ಇಷ್ಟು ಚಂದ ಅರಚ್ತೈತಿ, ಬಿಟ್ಟು ಹೆಂಗ ಹೋಗ್ಲಿ?"

ಗೆಳೆಯರೇ, ಅಸಲು ಯಾವುದು ನಕಲು ಯಾವುದು ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಕಲು ಮಾಡುವವನು ಎಲ್ಲವನ್ನೂ ಒಂದೇ ಸಮನಾಗಿ ಹಳೆಯದು ಮಾಡುತ್ತಾನೆ; ಪ್ರೀತಿ ಹಾಗೆ ಮಾಡುವುದಿಲ್ಲ. ಅದು ಕೈ ಹೋದಲ್ಲಿ ಮಾತ್ರ ಸವೆಸುತ್ತದೆ. ಹೋದ ವರ್ಷ ಇವರು ತೀರಿಕೊಂಡಾಗ ಸಮಾಧಾನ ಹೇಳಲು ಬಂದವರು ದುಃಖ ದಿನದಿನಕ್ಕೆ ಮಾಸುತ್ತದೆ ಎಂದರು, ಬಟ್ಟೆಯ ಬಣ್ಣದಂತೆ ಎಲ್ಲ ಕಡೆಗೂ ಒಂದೇ ಸಮ. ನನಗೆ ಹಾಗಾಗಲಿಲ್ಲ. ಇಡೀ ದಿನ ನೆಟ್ಟಗಿರುತ್ತೇನೆ, ಸೊಪ್ಪಿನವಳೊಂದಿಗೆ ಜಗಳವಾಡುತ್ತೇನೆ, ನಗುತ್ತೇನೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಮಾತ್ರ ಆ ಹಾರ್ನು ಕೇಳೀತೆಂದು ಕಿವಿ ತಾನಾಗಿ ಬೀದಿಗೆ ಹೋಗುತ್ತದೆ. ಇವರ ಕುರ್ಚಿಯ ಬಲಗೈ ನುಣುಪಾಗಿದೆ, ಎಡಗೈ ಹೊಸದರಂತಿದೆ. ಬಲಗೈ ಸವೆದದ್ದು ಏಳುವಾಗ ಊರಿ ಊರಿ. ಇವರ ಎಡಗೈಯಲ್ಲಿ ಯಾವಾಗಲೂ ಚಹದ ಬಟ್ಟಲು. ಇಂಥದನ್ನು ಯಾವ ಉಸುಕಿನ ಕಾಗದವೂ ಮಾಡಲಾರದು.

ಮೊನ್ನೆ ಗುರುಪಾದಪ್ಪನವರು ಮತ್ತೆ ಬಂದಿದ್ದರು. ಪುಣೆಯಲ್ಲಿ ಹಳೆಯ ಗಾಡಿಗಳ ಶೋಕಿಯವರು ಒಬ್ಬರಿದ್ದಾರಂತೆ. "ಅಕ್ಕಾರ, ಅಂಗಳದಾಗ ಸುಮ್ಮ ನಿಂತ್ರ ಜಂಗು ಹಿಡೀತೈತ್ರಿ. ನೀವೇನೂ ಹೇಳಬ್ಯಾಡ್ರಿ. ದೊಡ್ಡ ಸಾವಕಾರ್ರ ಕಾಲದ ಗಾಡಿ ಅಂತ ನಾನ ಹೇಳ್ತೀನಿ."

ನನಗೆ ಅಳುವಿನ ಜೊತೆಗೇ ನಗು ಬಂತು. ಈ ಮನುಷ್ಯ ಸುಧಾರಿಸುವವರಲ್ಲ. ಅಷ್ಟರಲ್ಲಿ, ಅಕ್ಕಲಕೋಟೆ ಹತ್ತಿರದ ಹನ್ನೂರಿಗೆ ಮದುವೆ ಮಾಡಿಕೊಟ್ಟ ಮಗಳು ಶೈಲಾ ಗಾಡಿಯ ಚಾವಿ ಹಿಡಿದು ಒಳಗಿನಿಂದ ಬಂದಳು.

"ಕಾಕಾ, ಅವ್ವನ್ನ ನಮ್ಮೂರಿಗಿ ಕರಕೊಂಡು ಹೊಂಟೀನಿ. ಬರ್ರಿ, ಅಕ್ಕಲಕೋಟಿತನಾ ಬಿಡ್ತೀನಿ. ಬಸ್ಸಿನ ಗದ್ದಲ ಯಾಕ?"

ಗುರುಪಾದಪ್ಪನವರು ಅನುಮಾನಿಸುತ್ತ ಹಿಂದಿನ ಸೀಟಿನಲ್ಲಿ ಕುಳಿತು, ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡರು.  ಶೈಲಾ ಎದುರಿನ ಲಾರಿಗೆ ದಾರಿ ಬಿಟ್ಟು, ಕಬ್ಬಿನ ಚಕ್ಕಡಿಯೊಂದನ್ನು ಹಾಯ್ದು, ಸಲೀಸಾಗಿ ಗೇರು ಬದಲಿಸಿದಳು. ಎಡಮೊಣಕೈ ಸ್ವಲ್ಪ ಹೊರಕ್ಕೆ, ಬಾಯಲ್ಲಿ ಏನೋ ಗೊಣಗಾಟ. ನಾನು ಅವಳ ಕೈಯನ್ನೇ ನೋಡುತ್ತಿದ್ದೆ.

"ಅಕ್ಕಾರ," ಹಿಂದಿನಿಂದ ದನಿ ಬಂತು, "ಇಕಿಗಿ ಗಾಡಿ ಕಲಿಸಿದವರು ಯಾರ್ರಿ?"

ನಾನು ಬಾಯಿ ತೆರೆಯುವ ಮೊದಲೇ ಶೈಲಾ ಹೇಳಿದಳು: "ನಮ್ಮಪ್ಪ. ಅವನ ಗಾಡಿ ಇದು, ಕಾಕಾ. ಮಾರೂದಿಲ್ಲ."

ಗುರುಪಾದಪ್ಪನವರು ಪುಣೆಯ ಹೆಸರನ್ನು ಮತ್ತೆ ಎತ್ತಲಿಲ್ಲ. ಸೀಟು ಬಿಟ್ಟು ಹಿಂದಕ್ಕೆ ಒರಗಿ, ಅಕ್ಕಲಕೋಟೆ ಬರುವವರೆಗೆ ಸುಖವಾಗಿ ನಿದ್ದೆ ಹೋದರು.