ಹಿಮ್ಮಡಿ ಸಾಹೇಬರು
ಕೆರೆಯಂಚಿನಲ್ಲಿ ಮನೆ ಕಟ್ಟಲು ಯಾರ ಅನುಮತಿ ಬೇಕೆಂದು ದೇವರೇ ಬಂದು ಹೇಳಿದರೂ ಈ ಅಧಿಕಾರಿ ನಂಬುವವರಲ್ಲ, ಅವರ ಹಿಮ್ಮಡಿ ಹೇಳಬೇಕು. ಅದನ್ನು ನೆಲಕ್ಕೆ ಊರಿದಾಗ ನೀರು ಒಸರಿದರೆ ‘ಜೌಗು, ಕೇಂದ್ರಕ್ಕೆ ಬರೀರಿ’ ಅನ್ನುತ್ತಾರೆ. ಒಸರದಿದ್ದರೆ ‘ಒಣನೆಲ, ರಾಜ್ಯಕ್ಕೆ’. ಮಳೆಗಾಲದಲ್ಲಿ ಕೇಂದ್ರಕ್ಕೆ ಹೋದ ಫೈಲು ಬೇಸಿಗೆಯಲ್ಲಿ ರಾಜ್ಯಕ್ಕೆ ವಾಪಸು. ಅಲೆದೂ ಅಲೆದೂ ಸೈಟಿನ ಒಡತಿ ಟೈಲರಮ್ಮನ ಚಪ್ಪಲಿ ಸವೆದಿತ್ತು. ಇವತ್ತು ಸಾಹೇಬರ ಎಡ ಹಿಮ್ಮಡಿ ಒದ್ದೆಯಾಯಿತು, ಬಲದ್ದು ಆಗಲಿಲ್ಲ. ‘ಎರಡೂ ಕಡೆ ಬರೀಬೇಕಮ್ಮ’ ಅಂದರು. ‘ನಾನು ಹೀಗೆ ಅಳತೆ ತಗೊಂಡ್ರೆ ಊರೆಲ್ಲ ಬೆತ್ತಲೆ ಓಡಾಡ್ಬೇಕು ಸಾರ್!’ ಎಂದು ಟೈಲರಮ್ಮ ಸಿಡಿದಳು. ಸಾಹೇಬರು ತುಟಿಗೆ ಬೆರಳಿಟ್ಟು ಮೆಲ್ಲಗೆ ಸೈಟಿನಂಚಿನ ಜೊಂಡು ಸರಿಸಿದರು. ನೀರುಕೋಳಿಯೊಂದು ಮೊಟ್ಟೆಗಳ ಮೇಲೆ ಕೂತಿತ್ತು. ‘ಯಾರನ್ನೂ ಕೇಳದೆ ಮನೆ ಕಟ್ಕೊಂಡಿದೆ ಇದು. ಮರಿ ಹಾರೋವರೆಗೂ ಆ ಎರಡು ಆಫೀಸು ಕಿತ್ತಾಡ್ಲಿ ಬಿಡೀಮ್ಮ.’