ಕಸ್ತೂರತ್ತಿಯ ಒಡಪು

ಗಂಡನ ಹೆಸರನ್ನು ಪ್ರಾಸದ ಒಡಪು ಕಟ್ಟಿ ಹೇಳದೆ ಹೆಂಗಸರನ್ನು ಹೊಸಿಲು ದಾಟಲು ಬಿಡದಿದ್ದ ಕಾಲ ಅದು. ಎಂಬತ್ತರ ದಶಕ ಇನ್ನೂ ಶುರುವಾಗಿರಲಿಲ್ಲ. ಯಶವಂತಪುರದ ರೈಲು ಹಳಿಗಳ ಹಿಂದೆ ಒಂದು ವಠಾರದಲ್ಲಿ ನಾವಿದ್ದೆವು. ಧಾರವಾಡದ ಕಡೆಯಿಂದ ಅಪ್ಪ ಫ್ಯಾಕ್ಟರಿ ಕೆಲಸಕ್ಕೆಂದು ಬಂದಿದ್ದ. ವಠಾರದ ಅರ್ಧ ಮನೆಗಳು ನಮ್ಮ ಸೀಮೆಯವರವೇ ಆಗಿದ್ದರಿಂದ ಸಂಜೆಯಾದರೆ ಅಂಗಳದ ತುಂಬ ರೊಟ್ಟಿ ಬಡಿಯುವ ಸದ್ದು, ಹುರಿದ ಶೇಂಗಾದ ವಾಸನೆ.

ಅಪ್ಪನ ತಂಗಿ ಕಸ್ತೂರತ್ತಿ ಮದುವೆಗೆ ಮುಂಚೆ ನಮ್ಮ ಮನೆಯಲ್ಲೇ ಇದ್ದಳು. ಒಡಪು ಕಟ್ಟುವುದರಲ್ಲಿ ಅವಳ ಸಮಕ್ಕೆ ಯಾರೂ ಇರಲಿಲ್ಲ. ಹೊಸದಾಗಿ ಮದುವೆಯಾದವರು ಗಂಡನ ಹೆಸರು ತಂದು ಕಿವಿಯಲ್ಲಿ ಉಸುರಿದರೆ ಸಾಕು, ಎರಡು ಸಾಲು ಕಟ್ಟಿ ಕೊಡುತ್ತಿದ್ದಳು. ರೊಟ್ಟಿ ಬಡಿಯುವ ತಾಳಕ್ಕೇ ಸಾಲುಗಳು ಹುಟ್ಟುತ್ತಿದ್ದವು. ನನಗೂ ಅದೇ ಆಟ.

"ಅಂಗಳದಾಗ ಬಿದ್ದೈತಿ ಬಿದಿರಿನ ಬುಟ್ಟಿ," ಎಂದು ಒಂದು ಸಾಲು ಎಸೆಯುತ್ತಿದ್ದಳು.

"ಬುಟ್ಟಿಯೊಳಗ ಸಿಕ್ತು ನಂಗ ಬಿಸಿಬಿಸಿ ರೊಟ್ಟಿ!"

ಸರಿಯಾದ ಉತ್ತರಕ್ಕೆ ರೊಟ್ಟಿ ನಿಜವಾಗಿಯೂ ನನ್ನ ತಟ್ಟೆಗೆ ಬೀಳುತ್ತಿತ್ತು, ಮೇಲೆ ಎಣ್ಣೆ, ಶೇಂಗಾ ಚಟ್ನಿ. ಶಾಲೆಯಲ್ಲಿ ಮೇಷ್ಟ್ರು ಎರಡನೆಯ ಅಕ್ಷರದ ಪ್ರಾಸ ಕಲಿಸುತ್ತಿದ್ದರೆ, ಕಸ್ತೂರತ್ತಿಗೆ ಕೊನೆಯ ಅಕ್ಷರವೇ ಮುಖ್ಯ. "ಕಡೀ ಅಕ್ಷರ ಬರೂತನಕ ಮಂದಿ ಉಸಿರ ಹಿಡದ ಕುಂತಿರತಾರ ನೋಡ. ಅವಾಗ ಏನ ಹೇಳಿದ್ರೂ ಕೇಳತಾರ," ಎನ್ನುತ್ತಿದ್ದಳು.

ಅವಳನ್ನು ಟಿ. ದಾಸರಹಳ್ಳಿಯಲ್ಲಿ ಮನೆ ಮಾಡಿದ್ದ ಶಿವಾನಂದನಿಗೆ ಕೊಟ್ಟರು. ಗುಮಾಸ್ತಿಕೆಯವನು, ಮೆಲುಮಾತಿನವನು. ಅಪ್ಪನಿಗೆ ಬಹಳ ಹಿಡಿಸಿದ್ದ. ಮದುವೆಯ ದಿನ ಅತ್ತಿ, "ಬಿಳಿಜ್ವಾಳದ ರೊಟ್ಟಿಗೆ ಬೆಣ್ಣಿ ಹಚ್ಚಿದ್ರ ಚೆಂದ, ನನ್ನ ಕೈ ಹಿಡಿಯಾಕ ಬಂದಾರ ಶಿವಾನಂದ," ಎಂದಾಗ ಮದುಮಗನೂ ನಾಚಿಕೊಂಡ.

ಮುಂದಿನ ವರ್ಷ ನಾಗರ ಪಂಚಮಿಗೆ ಬಂದವಳು ಆಟಕ್ಕೆ ಕರೆದರೂ ಬರಲಿಲ್ಲ. ನಾನು ಅಡುಗೆಮನೆಯಲ್ಲಿ ಶೇಂಗಾ ಸುಲಿಯುತ್ತಿದ್ದಾಗ ಅಪ್ಪನ ಮುಂದೆ ನಿಂತು ನೇರವಾಗಿಯೇ ಹೇಳಿದಳು.

"ಅಣ್ಣಾ, ಅವರು ಕೈ ಮಾಡ್ತಾರ. ನಾ ಅಲ್ಲಿಗೆ ಹೋಗಾಕ ಒಲ್ಲೆ."

ಅಪ್ಪ ತಲೆ ಎತ್ತಲಿಲ್ಲ. "ಸಂಸಾರ ಅಂದಮ್ಯಾಲ ಒಂದ ಮಾತ ಬರತದ, ಒಂದ ಹೋಗತದ. ಹೊಂದಿಕೊಂಡ ಹೋಗವ್ವಾ."

ಮರುದಿನ ಅಪ್ಪನೇ ಅವಳನ್ನು ಬಸ್ಸು ಹತ್ತಿಸಿ ಬಂದ. ಅವ್ವ ಬುತ್ತಿ ಕಟ್ಟಿ ಕೊಟ್ಟಿದ್ದಳು.

ಅತ್ತಿ ಬಸುರಿಯಾದಳು. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ನಮ್ಮ ಮನೆಯಲ್ಲೇ. ಅಂಗಳಕ್ಕೆ ಚಪ್ಪರ ಹಾಕಿ, ಹಸಿರು ಸೀರೆ, ಹಸಿರು ಬಳೆಯಲ್ಲಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು. ಅಷ್ಟು ಸೆಕೆಯಲ್ಲೂ ಮುಂಗೈವರೆಗೆ ತೋಳಿದ್ದ ರವಿಕೆ ತೊಟ್ಟು, ಮೇಲೆ ಸೆರಗು ಹೊದ್ದಿದ್ದಳು. ಎದುರಿಗೆ ಅವಳ ಅತ್ತೆ. ಜಗಲಿಯಲ್ಲಿ ಗಂಡಸರ ನಡುವೆ ಶಿವಾನಂದ. ಹೋಳಿಗೆಯ ತುಪ್ಪದ ವಾಸನೆಗೆ ನಾವು ಮಕ್ಕಳು ಅಲ್ಲೇ ಸುಳಿದಾಡುತ್ತಿದ್ದೆವು. ಆರತಿ ಮುಗಿಯುತ್ತಿದ್ದಂತೆ ಹೆಂಗಸರು ಗದ್ದಲವೆಬ್ಬಿಸಿದರು.

"ಹೆಸರ ಹೇಳವ್ವಾ ಕಸ್ತೂರಿ! ಒಡಪು ಹಾಕಿ ಹೇಳ!"

ಅತ್ತಿ ಎಲ್ಲರನ್ನೂ ಒಮ್ಮೆ ನೋಡಿದಳು. ಗದ್ದಲ ತಾನಾಗಿಯೇ ನಿಂತಿತು.

"ಮೈತುಂಬ ಸೀರಿ ಉಟ್ಟರ ನೋಡೋರ ಕಣ್ಣಿಗೆ ಚೆಂದ,
ಸೆರಗಿನ ಕೆಳಗ ಬರಿ ಕೊಟ್ಟಾಂವ ನನ್ನ ಗಂಡ ಶಿವಾನಂದ."

ಪ್ರಾಸ ಕೂಡಿತು. ರೂಢಿಯ ಮೇಲೆ ನಗು ಎದ್ದಿತು, ಚಪ್ಪಾಳೆಯೂ ಬಿತ್ತು. ನಾನೂ ತಟ್ಟಿದೆ. ಅರ್ಥ ಹೊಳೆದದ್ದು ಆಮೇಲೆ. ಒಬ್ಬೊಬ್ಬರ ಕೈಯೂ ಇದ್ದಲ್ಲೇ ನಿಂತಿತು. ಅವನ ಹೆಸರನ್ನು ಬಹುವಚನವಿಲ್ಲದೆ ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಚ್ಯಾಷ್ಟಿ ಮಾಡ್ಯಾಳ. ಮೊದಲಿಂದ ಹಂಗ ಅಕಿ," ಎಂದು ಅವಳ ಅತ್ತೆ ನಗಲು ನೋಡಿದರು.

ಪಕ್ಕದ ಮನೆಯ ರತ್ನಮ್ಮ ಬೆಂಗಳೂರಿನವರೇ. ನಮ್ಮ ಒಡಪುಗಳು ಅವರಿಗೆ ಅರ್ಧಂಬರ್ಧ ತಿಳಿಯುತ್ತಿದ್ದವು. ಇದು ಪೂರ್ತಿ ತಿಳಿದಿತ್ತು. ಎದ್ದು ಬಂದವರೇ ಅತ್ತಿಯ ಸೆರಗು ಸರಿಸಿ, ರವಿಕೆಯ ತೋಳು ಮೇಲಕ್ಕೇರಿಸಿದರು. ಕಾದ ಸೌಟಿನ ಬರೆಗಳು. ಹಳೆಯವು ಕಪ್ಪಾಗಿದ್ದವು. ಮೊಣಕೈ ಹತ್ತಿರದ್ದು ಇನ್ನೂ ಹಸಿಯಾಗಿತ್ತು.

"ಅಯ್ಯೋ ದೇವ್ರೇ! ಬಸುರಿ ಹೆಂಗಸು ಕಣ್ರೀ ಇವ್ಳು! ಇವನೇನ್ ಮನುಷ್ಯನಾ?"

ಹೋಳಿಗೆಯ ತಟ್ಟೆ ಹಿಡಿದು ಬಂದಿದ್ದ ಅಪ್ಪ ಅದನ್ನು ಹೊಸಿಲ ಮೇಲೆ ಇಟ್ಟ. ಜಗಲಿಯಲ್ಲಿ ಶಿವಾನಂದ ಚಪ್ಪಲಿ ಹುಡುಕತೊಡಗಿದ್ದ. ಅಪ್ಪ ಅವನ ಕಡೆ ತಿರುಗಿದ.

"ನಿಮ್ಮ ಅವ್ವನ್ನ ಕರಕೊಂಡ ನಡೀರಿ. ಅಕಿ ಬರೂದಿಲ್ಲ."

ಅತ್ತಿ ಅಳಲಿಲ್ಲ. ಅವ್ವನ ಕೈ ಹಿಡಿದು, "ವೈನಿ, ನಂಗ ಹಸಿವಿ ಆಗೈತಿ," ಎಂದಳು. ಅವ್ವ ಕಣ್ಣೊರೆಸಿಕೊಳ್ಳುತ್ತ ಉಣಿಸಿದಳು.

ನನಗೆ ರೊಟ್ಟಿ ಗೆದ್ದುಕೊಡುತ್ತಿದ್ದ ಆಟದೊಳಗೆ ಇಂಥದ್ದೂ ಹಿಡಿಯುತ್ತದೆಂದು ಗೊತ್ತಿರಲಿಲ್ಲ. ಎಷ್ಟೋ ದಿನ ಯಾರಾದರೂ "ಚೆಂದ" ಎಂದರೆ ಮುಂದಿನ ಮಾತಿಗೆ ಕಾಯದೆ ಓಡಿಬಿಡುತ್ತಿದ್ದೆ.

ಅತ್ತಿ ನಮ್ಮಲ್ಲೇ ಉಳಿದಳು. ಮಗಳನ್ನು ಹೆತ್ತಳು, ಹೊಲಿಗೆ ಕಲಿತು ಅವಳನ್ನು ಓದಿಸಿದಳು. ಆದರೆ ಮತ್ತೆಂದೂ ಒಡಪು ಕಟ್ಟಲಿಲ್ಲ. ವಠಾರದ ಹುಡುಗಿಯರು ಕಾಡಿದರೆ, "ಮರತೀನವಾ," ಎಂದು ಮಷೀನು ತುಳಿಯುತ್ತಿದ್ದಳು. ಅವಳು ಮರೆತಿರಲಾರಳು ಎಂದೇ ನನ್ನ ನಂಬಿಕೆ. ಕೇಳುವ ಧೈರ್ಯ ನನಗಾಗಲಿಲ್ಲ. ಈಗ ಅತ್ತಿಯೇ ಇಲ್ಲ.

ವಠಾರವಿದ್ದಲ್ಲಿ ಇಂದು ಅಂಗಡಿಗಳಿವೆ. ಕೊನೆಯ ಅಕ್ಷರಕ್ಕಾಗಿ ಉಸಿರು ಬಿಗಿಹಿಡಿದು ಕೂರುತ್ತಿದ್ದ ಆ ಹೆಂಗಸರು ಎಲ್ಲೆಲ್ಲಿಗೋ ಚದುರಿದರು. ಮೊನ್ನೆ ತಣಿಸಂದ್ರದ ಒಂದು ಸಭಾಂಗಣದಲ್ಲಿ ಸೀಮಂತ. ಬಸುರಿ ಹುಡುಗಿ ಮೊಬೈಲ್ ನೋಡಿಕೊಂಡು ಎರಡು ಸಾಲು ಓದಿದಳು. ಸ್ಪೀಕರಿನ ಅಬ್ಬರದಲ್ಲಿ ಒಂದು ಪದವೂ ಕೇಳಿಸಲಿಲ್ಲ. ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕುರ್ಚಿಯಿಂದೆದ್ದು ಅವಳ ಹತ್ತಿರ ಹೋದೆ.

"ಏನಂದ್ಯವ್ವಾ? ನಂಗ ಕೇಳಿಸಲಿಲ್ಲ. ಇನ್ನೊಂದ ಸಲ ಹೇಳು."