ರವದಿಯೊಳಗಿನ ಗೂಡು

ನಮ್ಮ ಅಣ್ಣ ನಿಪ್ಪಾಣಿಯಲ್ಲಿ ಮದುವೆ ಫೋಟೋ ತೆಗೆಯುವವ. ಮದುಮಕ್ಕಳಿಗೆಲ್ಲ "ತಡೀರಿ, ಬೆಳಕ ಬರ್ಲಿ" ಅನ್ನುವುದು ಅವನ ರೂಢಿ. ಎಲ್ಲೋ ದೂರದಲ್ಲಿ ಗುಡ್ಡ ಕುಸಿದು ಊರೇ ಮುಚ್ಚಿಹೋದದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಅವನಿಗೆ ಊಟ ಸೇರಲಿಲ್ಲ. ಒಂದು ದಿನ ಕ್ಯಾಮೆರಾ ಹಿಡಿದು ಬಂದು ನನ್ನ ಹೊಲದಲ್ಲಿ ಬೋರಲು ಬಿದ್ದ. ಕಡಿದ ಕಬ್ಬಿನ ಒಣ ಎಲೆ, ರವದಿ ಅಂತೇವಲ್ಲ, ಅದರೊಳಗೆ ನೆಲದಲ್ಲೇ ಗೂಡು ಮಾಡುವ ಬುರ್ಲಿ ಹಕ್ಕಿ ಮೊಟ್ಟೆ ಇಟ್ಟಿತ್ತು.

"ಮರಿ ಆಗೂತನಕ ರವದಿ ಸುಡಬ್ಯಾಡೋ ತಮ್ಮಾ. ಇದನ್ನ ನೋಡಿದ್ರ ಜೀವಕ್ಕ ಸಮಾಧಾನ ಆಕ್ಕೇತಿ."

"ಹಕ್ಕಿಗೂ ಬಾಸಿಂಗ ಕಟ್ತೀಯೇನ ಯಣ್ಣಾ?" ಅಂದೆ. ಬಾಜೂ ಹೊಲದವರು ಬಿದ್ದು ಬಿದ್ದು ನಕ್ಕರು. ಆ ಹುರುಪಿನಲ್ಲೇ ಮರುದಿನ ರವದಿಗೆ ಕಡ್ಡಿ ಗೀರಿದೆ.

ಅಣ್ಣ ಬಯ್ಯಲಿಲ್ಲ. ದಿನಾ ಮುಂಜಾನೆ ಬಂದು ಕ್ಯಾಮೆರಾ ಹಿಡಿದು ಬೂದಿಯಲ್ಲೇ ಕೂತ. ತಪ್ಪಾಯ್ತು ಅನ್ನಲು ಹೋದರೆ "ತಡಿ, ಬೆಳಕ ಬರ್ಲಿ" ಅಂದ.

ಈಗ ಅವನ ಅಂಗಡಿಯಲ್ಲಿ ಮದುಮಕ್ಕಳ ನಡುವೆ ಒಂದು ಫೋಟೋ ತೂಗುತ್ತದೆ. ಹೊಲದ ತುಂಬ ಕರಿ ಬೂದಿ, ಅಂಚಿನಲ್ಲಿ ಹೊಸ ಗೂಡಿಗೆ ಹುಲ್ಲುಕಡ್ಡಿ ಕಚ್ಚಿ ನಿಂತ ಬುರ್ಲಿ. ಗಿರಾಕಿಗಳು ಕೇಳುತ್ತಾರೆ, "ಟಿವ್ಯಾಗ ತೋರಿಸಿದ್ರಲ್ಲ, ಆ ಗುಡ್ಡ ಕುಸಿದ ಊರೇನ್ರಿ ಇದು?"

"ಅಲ್ರಿ, ನಮ್ಮ ತಮ್ಮನ ಹೊಲ. ನೀವು ಹಕ್ಕಿ ನೋಡ್ರಿ."